ನೆಲೋಗಿ ಹುಡುಗಿಯೂ ಚೀನಾದ ಬೂದಿಯೂ

ಸಂಜೆ ಐದೂವರೆಯ ಸಿಂದಗಿ ಬಸ್ಸು. ಕಲಬುರಗಿ ನಿಲ್ದಾಣ ಬಿಡುವಾಗಲೇ ಕೂಡಲು ಜಾಗವಿಲ್ಲ, ನಿಲ್ಲಲೂ ಜಾಗವಿಲ್ಲ. ಫರಹತಾಬಾದ ಬರುವ ಹೊತ್ತಿಗೆ ಉಸಿರಾಡಲೂ ಜಾಗವಿಲ್ಲ. ಇಂಥ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ಒಬ್ಬ ಹುಡುಗಿ ತನ್ನ ಪಾಡಿಗೆ ತಾನು ಓದುತ್ತಿದ್ದಳು.

ಹುಡುಗಿ ಓದುವುದು ಸುದ್ದಿಯಲ್ಲ. ಆಕೆಯ ಕೈಯಲ್ಲಿದ್ದ ಹಾಳೆಯ ಅಕ್ಷರ ಕನ್ನಡದ್ದಲ್ಲ, ಇಂಗ್ಲಿಷಿನದಲ್ಲ, ಉರ್ದುವಿನದೂ ಅಲ್ಲ ಎಂಬುದೇ ಸುದ್ದಿ. ಪಕ್ಕದಲ್ಲಿ ದೊಡ್ಡ ರಟ್ಟಿನ ಡಬ್ಬವೊಂದನ್ನು ಕಾಲಡಿ ಇಟ್ಟುಕೊಂಡು, ಅದರ ಮೇಲೇ ಎರಡೂ ಪಾದ ಊರಿ ಕುಳಿತಿದ್ದ ಅಂಗಡಿಕಾರರೊಬ್ಬರು ಬಹಳ ಹೊತ್ತು ಓರೆಗಣ್ಣಿನಿಂದ ನೋಡಿದರು. ಕೊನೆಗೆ ತಡೆಯಲಾಗಲಿಲ್ಲ.

“ಏನವಾ ತಂಗಿ, ಇದೇನು ಮಂತ್ರದ ತಗಡೇನು?”

“ಅಲ್ಲರಿ ಕಾಕಾ. ಚೀನಿ ಅದ.”

“ಚೀನಿ ಅಂದ್ರ ಸಕ್ಕರಿನಾ?”

ಹಿಂದೆ ಮುಂದೆ ನಿಂತವರೆಲ್ಲ ನಕ್ಕರು. ಹುಡುಗಿಯೂ ನಕ್ಕಳು. “ಚೀನಾ ದೇಶದ ಭಾಷಾರಿ” ಎಂದಳು. ಬಸ್ಸಿನಲ್ಲಿ ಒಂದು ಕ್ಷಣ ಮೌನ. ನಂತರ ನಾಲ್ಕು ದಿಕ್ಕಿನಿಂದ ಪ್ರಶ್ನೆಗಳು. ಈ ವರದಿಗಾರನ ಪಾಲಿಗೆ ಬಸ್ ಚಾರ್ಜು ಅಂದು ದಂಡವಾಗಲಿಲ್ಲ.

ಹುಡುಗಿ ನೆಲೋಗಿಯವಳು. ಹೌದು, 2004ರಿಂದ 2006ರವರೆಗೆ ರಾಜ್ಯಕ್ಕೆ ಮುಖ್ಯಮಂತ್ರಿಯಾಗಿದ್ದ ಧರ್ಮಸಿಂಗ್ ಅವರ ನೆಲೋಗಿಯೇ. ತಂದೆ ಕಲಬುರಗಿಯ ಕಪನೂರ ಕಡೆಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಮುನ್ಷಿ. ಮಗಳು ದಿಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಚೀನಿ ಭಾಷೆಯ ಎಂ.ಎ. ಕೊನೆಯ ವರ್ಷ. “ಹೆಸರು ಹಾಕಬ್ಯಾಡ್ರಿ ಅಣ್ಣಾ, ಇನ್ನ ಪರೀಕ್ಷಾ ಅದ” ಎಂದಳು. ಹಾಕಿಲ್ಲ.

ಆಕೆ ಹೇಳಿದ ಕತೆ ಚೀನಾದ್ದಷ್ಟೇ ಅಲ್ಲ. ಯಾವ ಭಾಷೆಯನ್ನಾದರೂ ಕಲಿಯುತ್ತಿರುವ ನಮ್ಮ ಮಕ್ಕಳೆಲ್ಲರ ಕತೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾಲ್ಕೂ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ!

ಎರಡು ವರ್ಷದ ಹಿಂದಿನ ತೊಗರಿ ಸುಗ್ಗಿ. ಹುಡುಗಿ ಆಗ ಬಿ.ಎ. ಕೊನೆಯ ವರ್ಷದಲ್ಲಿದ್ದು ಚಳಿಗಾಲದ ರಜೆಗೆ ಊರಿಗೆ ಬಂದಿದ್ದಳು. ಮಿಲ್ಲಿನ ಮುಂದೆ ಲಾರಿಗಳ ಸಾಲು. ಒಳಗೆ ಬೇಳೆಯ ಬಣ್ಣ ನೋಡಿ ಒಳ್ಳೆಯದು ಕೆಟ್ಟದ್ದು ವಿಂಗಡಿಸುವ ಯಂತ್ರ. ಕ್ಯಾಮೆರಾ ಕಣ್ಣಿನಿಂದ ಒಂದೊಂದು ಕಾಳನ್ನೂ ನೋಡಿ, ಕರಿ ಕಾಳು, ಹರಳು ಕಂಡರೆ ಗಾಳಿಯ ಪೆಟ್ಟಿನಿಂದ ಪಕ್ಕಕ್ಕೆ ಹಾರಿಸುವ ಯಂತ್ರವಿದು. ಇಂಥವು ಈಗ ಬಹಳಷ್ಟು ಚೀನಾದಿಂದಲೇ ಬರುತ್ತವೆ. ಅಲ್ಲಿಯ ಹೆಫೇ ಎಂಬ ಪಟ್ಟಣ ಇದಕ್ಕೇ ಹೆಸರಾಗಿದೆ.

ಅಂದು ಯಂತ್ರದ ಪರದೆಯ ಮೇಲೆ ಕೆಂಪು ದೀಪ ಮಿಣುಕತೊಡಗಿತು. ನಾಲ್ಕು ಚೀನಿ ಅಕ್ಷರ ಬಂದು ನಿಂತವು. ಒಳ್ಳೆ ಬೇಳೆಯಲ್ಲಿ ಕರಿ ಕಾಳು ಬರತೊಡಗಿತು. ಮೆಕ್ಯಾನಿಕ್ ಹೈದರಾಬಾದಿನಿಂದ ಬರಬೇಕು, ಫೋನು ಎತ್ತುತ್ತಿಲ್ಲ. ಯಾರೋ ಮೊಬೈಲ್ ಕ್ಯಾಮೆರಾ ಹಿಡಿದು ತರ್ಜುಮೆ ಮಾಡಿಸಿದರು. ಬೂದಿ ಸ್ವಚ್ಛತೆ ಸರಿ ಇಲ್ಲ ಎಂದು ಬಂತು. ಬೇಳೆ ಯಂತ್ರದಲ್ಲಿ ಬೂದಿ ಎಲ್ಲಿಂದ ಬಂತು? ಎಲ್ಲರೂ ಮುಖ ಮುಖ ನೋಡಿಕೊಂಡರು.

ಆಗ ಸಾವಕಾರರಿಗೆ ನೆನಪಾಯಿತು. “ಮುನ್ಷಿಯವರ, ನಿಮ್ಮ ಮಗಳು ಚೀನಿ ಓದ್ಯಾಳಲ್ಲ, ಕರಕೊಂಡ ಬರ್ರಿ.”

ಹುಡುಗಿ ಬಂದಳು. ಅಪ್ಪನ ಎದೆ ಉಬ್ಬಿತ್ತು. ಹಮಾಲರು ಚೀಲ ಇಳಿಸಿ ನಿಂತು ನೋಡಿದರು. ಪರದೆಯ ಮೇಲೆ ಇದ್ದದ್ದು ‘ಚಿಂಗ್ ಹುಯ್ ಯೀ ಚಾಂಗ್’. ನಾಲ್ಕೂ ಅಕ್ಷರ ಆಕೆಗೆ ಗೊತ್ತು. ಚಿಂಗ್ ಎಂದರೆ ತಿಳಿ, ಶುಭ್ರ. ಹುಯ್ ಎಂದರೆ ಬೂದಿ, ಬೂದು ಬಣ್ಣ. ಯೀ ಚಾಂಗ್ ಎಂದರೆ ಎಂದಿನಂತಿಲ್ಲ, ಸರಿ ಇಲ್ಲ. ಇದು ಬಣ್ಣ ನೋಡುವ ಯಂತ್ರ ತಾನೇ? “ತಿಳಿ ಬೂದು ಬಣ್ಣದ ಲೆಕ್ಕ ತಪ್ಪ್ಯಾದರಿ” ಎಂದುಬಿಟ್ಟಳು.

ನಡೆಸುವವನು ಬಣ್ಣದ ಲೆಕ್ಕ ತಿರುವಿದ. ಈಗ ಒಳ್ಳೆ ಬೇಳೆಯೇ ಹಾರಿ ಹಾರಿ ಕಸದ ಗುಂಡಿಗೆ ಬೀಳತೊಡಗಿತು. ಅರ್ಧ ದಿವಸ ಹಾಳು. ಸಂಜೆ ಮೆಕ್ಯಾನಿಕ್ ಫೋನಿಗೆ ಸಿಕ್ಕು ನಕ್ಕ. ಬೂದಿಯೂ ಅಲ್ಲ, ಬೂದು ಬಣ್ಣವೂ ಅಲ್ಲ. ಹುಯ್ ಎಂದರೆ ಧೂಳು ಎಂಬ ಅರ್ಥವೂ ಉಂಟು. ಚಿಂಗ್ ಎಂದರೆ ಇಲ್ಲಿ ‘ಶುಭ್ರ ಮಾಡು’. ಕ್ಯಾಮೆರಾ ಮುಂದಿನ ಗಾಜಿನ ಮೇಲೆ ಕೂತ ಧೂಳನ್ನು ಒರೆಸುವ ಬ್ರಷ್ ಸಿಕ್ಕಿಹಾಕಿಕೊಂಡಿದೆ, ಇಷ್ಟೇ ಮಾತು. ಹತ್ತು ನಿಮಿಷದ ಕೆಲಸ.

ಸಾವಕಾರರು ಬೈಯಲಿಲ್ಲ. “ಮೂರು ವರ್ಷ ದಿಲ್ಲ್ಯಾಗ ಏನ್ ಓದಿಸಿದ್ರಿ ಮುನ್ಷಿಯವರ?” ಎಂದು ಮಾತ್ರ ಕೇಳಿದರು. ಹುಡುಗಿಯ ಓದಿಗೆ ಮುಂಗಡ ಕೊಟ್ಟವರು ಅವರೇ. ತಂದೆ ತಲೆ ಬಗ್ಗಿಸಿ ಲೆಕ್ಕದ ಪುಸ್ತಕ ತೆರೆದರು. ಮನೆಯಲ್ಲಿ ಆ ರಾತ್ರಿ, ಎಂ.ಎ. ಸಾಕು, ಬಿ.ಎ. ಆದ ಮೇಲೆ ಒಂದು ಮನೆ ನೋಡೋಣ ಎಂಬ ಮಾತು ಮೊದಲ ಸಲ ಬಂತು.

“ಬೈದಿದ್ರ ಛಲೋ ಇತ್ತಣ್ಣಾ. ಅಪ್ಪ ಸುಮ್ಮ ಕುಂತದ್ದು ನನಗ ಸುಟ್ಟಂಗಾತು” ಎಂದಳು ಹುಡುಗಿ.

49 ಎಲ್ಲಿ, 3,500 ಎಲ್ಲಿ!

ಇಲ್ಲಿ ಓದುಗರು ಒಂದು ಮಾತು ತಿಳಿಯಬೇಕು. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ. ಕಾಗುಣಿತ, ಒತ್ತಕ್ಷರ ಸೇರಿಸಿ ಕಲಿತರೆ ಅರ್ಥವಾಗಲಿ ಬಿಡಲಿ ಯಾವ ಕನ್ನಡ ಪುಸ್ತಕವನ್ನಾದರೂ ಗಟ್ಟಿಯಾಗಿ ಓದಬಹುದು. ಚೀನಿಯಲ್ಲಿ ಹಾಗಿಲ್ಲ. ಅಲ್ಲಿ ಒಂದೊಂದು ಅಕ್ಷರವೂ ಒಂದು ಉಚ್ಚಾರ, ಒಂದೋ ನಾಲ್ಕೋ ಅರ್ಥ. ಚೀನಾ ಸರಕಾರ 2013ರಲ್ಲಿ ಹೊರಡಿಸಿದ ಪಟ್ಟಿಯಲ್ಲಿ 8,105 ಅಕ್ಷರಗಳಿವೆ. ಅದರಲ್ಲಿ ಎಲ್ಲರಿಗೂ ಬರಲೇಬೇಕಾದ ಮೊದಲ ದರ್ಜೆಯವೇ 3,500. 1716ರಲ್ಲಿ ಮುಗಿದ ಕಾಂಗ್‌ಶೀ ಚಕ್ರವರ್ತಿಯ ನಿಘಂಟಿನಲ್ಲಂತೂ 47 ಸಾವಿರಕ್ಕೂ ಮಿಕ್ಕಿ ಅಕ್ಷರಗಳು.

ಹಾಗೆಂದು ಎಲ್ಲವೂ ಕಾಡುಗೆರೆಯಲ್ಲ. ಲೆಕ್ಕವುಂಟು. ಬಹುಪಾಲು ಅಕ್ಷರಗಳಲ್ಲಿ ಎರಡು ತುಂಡು. ಒಂದು ಅರ್ಥದ ಸುಳಿವು, ಇನ್ನೊಂದು ಉಚ್ಚಾರದ ಸುಳಿವು. ಎಡಕ್ಕೆ ಮೂರು ಹನಿ ಬಿದ್ದಂತೆ ಗೆರೆಯಿದ್ದರೆ ಅದು ನೀರಿನ ಮಾತು. ಹೊಳೆಗೂ ಮೂರು ಹನಿ, ಕೆರೆಗೂ ಮೂರು ಹನಿ, ಸಮುದ್ರಕ್ಕೂ ಮೂರು ಹನಿ. ತಾಯಿಗೆ ಅವರೂ ‘ಮಾ’ ಎನ್ನುತ್ತಾರೆ. ಆ ಅಕ್ಷರ ಹೇಗೆ ಗೊತ್ತೇ? ಎಡಕ್ಕೆ ಹೆಂಗಸಿನ ಚಿಹ್ನೆ, ಬಲಕ್ಕೆ ಕುದುರೆ! ಕುದುರೆಗೂ ಬೇರೆ ರಾಗದಲ್ಲಿ ‘ಮಾ’ ಎಂದೇ ಹೆಸರಾದ್ದರಿಂದ, ಕುದುರೆ ಇಲ್ಲಿ ಬರೀ ಉಚ್ಚಾರಕ್ಕೆ ನಿಂತಿದೆ.

ಬಸ್ಸಿನಲ್ಲಿ ಇದನ್ನು ಕೇಳಿದ ಒಬ್ಬ ಅಜ್ಜಿ, “ನಮ್ಮ ಸೊಸಿ ಹಂಗೇ ಬರೀತಾಳ ಬಿಡು, ಅತ್ತಿ ಪಕ್ಕ ಕುದುರಿ” ಎಂದರು. ಕಂಡಕ್ಟರ್ ಸಹ ಟಿಕೆಟ್ ಕೊಡುವುದು ಬಿಟ್ಟು ನಕ್ಕ.

ಮೂರು ವರ್ಷದಲ್ಲಿ ಹುಡುಗಿ ಸುಮಾರು ಎರಡು ಸಾವಿರ ಅಕ್ಷರ ಬಾಯಿಪಾಠ ಮಾಡಿದ್ದಳು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ. ಆದರೂ ಮಿಲ್ಲಿನಲ್ಲಿ ನಾಲ್ಕು ಅಕ್ಷರ ಕೈಕೊಟ್ಟವು. ಯಾಕೆ?

ಊರಿಗೆಬಂದರುದ್ರಪ್ಪ

ಕಾರಣ ಒಂದಲ್ಲ. ಮೊದಲನೆಯದು, ಚೀನಿಯಲ್ಲಿ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುವುದಿಲ್ಲ. ಅಕ್ಷರದ ಹಿಂದೆ ಅಕ್ಷರ, ರೈಲು ಡಬ್ಬಿಯಂತೆ. ಯಾವ ಎರಡು ಅಕ್ಷರ ಕೂಡಿ ಒಂದು ಪದವಾಯಿತು ಎಂದು ಓದುವವನೇ ಕತ್ತರಿಸಿಕೊಳ್ಳಬೇಕು. ನಮ್ಮ ಹಳೆಯ ಕಲ್ಲಿನ ಶಾಸನಗಳೂ ಹೀಗೇ.

ಹುಡುಗಿ ಹಾಳೆಯ ಹಿಂದೆ ಕನ್ನಡದಲ್ಲಿ ಬರೆದು ತೋರಿಸಿದಳು: ಊರಿಗೆಬಂದರುದ್ರಪ್ಪ. ಓದಿ ನೋಡಿ. ನಮ್ಮ ಕಣ್ಣು ಮೊದಲು ‘ಊರಿಗೆ ಬಂದರು’ ಎಂದು ಓಡುತ್ತದೆ. ಮುಂದೆ ‘ದ್ರಪ್ಪ’ ಎಂಬ ಮುರುಕು ಉಳಿಯುತ್ತದೆ. ಆಗ ಹಿಂದೆ ಬಂದು ‘ಊರಿಗೆ ಬಂದ ರುದ್ರಪ್ಪ’ ಎಂದು ಜೋಡಿಸುತ್ತೇವೆ. ನಮಗೆ ರುದ್ರಪ್ಪ ಗೊತ್ತು, ಆದ್ದರಿಂದ ಅರೆಕ್ಷಣದ ಕೆಲಸ. ರುದ್ರಪ್ಪನೆಂಬ ಹೆಸರೇ ಕೇಳದವನಿಗೆ?

ಹೆಸರುಗಳದ್ದು ಎರಡನೆಯ ಕಾಟ. ಹೊರದೇಶದ ಹೆಸರನ್ನು ಅವರು ಉಚ್ಚಾರ ಹೋಲುವ ಅಕ್ಷರಗಳಿಂದ ಬರೆಯುತ್ತಾರೆ. ನಮ್ಮ ಕರ್ನಾಟಕ ಅಲ್ಲಿ ‘ಕಾ-ನಾ-ತಾ-ಕ’ ಎಂದು ನಾಲ್ಕು ಅಕ್ಷರ. ಇದು ಹೆಸರು ಎಂದು ಹೊಳೆಯದೆ ಅರ್ಥ ಹುಡುಕಹೊರಟರೆ ಮುಗಿಯಿತು, ಬೇರೆ ಊರಿಗೇ ಹೋಗಿ ಇಳಿದಂತೆ.

ಮೂರನೆಯದು ಪತ್ರಿಕೆಯವರ ಸಂಕ್ಷೇಪ. ಬೇಜಿಂಗ್ ವಿಶ್ವವಿದ್ಯಾಲಯದ ಉದ್ದ ಹೆಸರನ್ನು ಅವರು ‘ಬೇದಾ’ ಎಂದು ಎರಡಕ್ಷರಕ್ಕೆ ಇಳಿಸುತ್ತಾರೆ. ನಾವು ಬಸ್ಸಿನ ಮೇಲೆ ಕ.ಕ.ರ.ಸಾ.ನಿ. ಎಂದು ಬರೆದಂತೆಯೇ. ತಿಳಿದವನಿಗೆ ಸಲೀಸು, ತಿಳಿಯದವನಿಗೆ ಒಗಟು.

ನಾಲ್ಕನೆಯದು ಗಾದೆ. ಅವರಲ್ಲಿ ನಾಲ್ಕಕ್ಷರದ ಗಾದೆಗಳು ಸಾವಿರಾರು. ಬರೆಯುವವನು ಮಾತು ಮಾತಿಗೂ ಬಳಸುತ್ತಾನೆ. ಒಂದು ಗಾದೆ ಹೀಗಿದೆ: ‘ದುಯ್ ನಿಯೂ ತಾನ್ ಚಿನ್’. ಅಂದರೆ ದನದ ಮುಂದೆ ತಂತಿವಾದ್ಯ ನುಡಿಸಿದಂತೆ. ಓದುಗರೇ, ಕೋಣನ ಮುಂದೆ ಕಿನ್ನರಿ ಬಾರಿಸುವ ಕೆಲಸ ನಮ್ಮಲ್ಲಷ್ಟೇ ಅಲ್ಲ, ಹಿಮಾಲಯದ ಆಚೆಗೂ ನಡೆದಿದೆ ಎಂದಾಯಿತು!

ಬಿಡಿಸುವುದು ಬೇರೆ, ಓದುವುದು ಬೇರೆ

ರಜೆ ಮುಗಿಸಿ ದಿಲ್ಲಿಗೆ ಹೋದ ಹುಡುಗಿ ಮಿಲ್ಲಿನ ಸಂಗತಿಯನ್ನು ತನ್ನ ಪಾಠದ ಮಾಸ್ತರರಿಗೆ ಹೇಳಿದಳು. ಅವರು ಆಕೆಯ ಪುಸ್ತಕ ತೆರೆದು ನೋಡಿದರು. ಪ್ರತಿ ಅಕ್ಷರದ ತಲೆಯ ಮೇಲೂ ಪೆನ್ಸಿಲಿನಲ್ಲಿ ಇಂಗ್ಲಿಷ್ ಅರ್ಥ. ಪುಟ ಕಾಣದಷ್ಟು ಪೆನ್ಸಿಲು. “ನೀನು ಓದುತ್ತಿಲ್ಲ, ಲೆಕ್ಕ ಬಿಡಿಸುತ್ತಿದ್ದೀ” ಎಂದರಂತೆ.

ಚೀನಿ ಪಾಠಕ್ರಮದಲ್ಲೇ ಎರಡು ಬಗೆಯ ಓದಿಗೆ ಎರಡು ಹೆಸರುಂಟು. ‘ಜಿಂಗ್‌ದೂ’ ಎಂದರೆ ಒಂದೇ ಪುಟವನ್ನು ಅಗೆದು ಅಗೆದು ಓದುವುದು. ‘ಫಾನ್‌ದೂ’ ಎಂದರೆ ಹರವಾಗಿ, ಬಹಳ ಬಹಳ ಓದುವುದು. ಎರಡೂ ಬೇಕು. ಆದರೆ ಪರೀಕ್ಷೆ ಬರುವುದು ಮೊದಲನೆಯದರಲ್ಲಿ. ಆದ್ದರಿಂದ ಎರಡನೆಯದನ್ನು ಯಾರೂ ಮುಟ್ಟುವುದಿಲ್ಲ.

ಹರವಾಗಿ ಓದಲು ಎಷ್ಟು ಗೊತ್ತಿರಬೇಕು? ಇಂಗ್ಲಿಷ್ ಕಲಿಯುವವರ ಬಗ್ಗೆ ನ್ಯೂಜಿಲೆಂಡಿನ ಪ್ರೊಫೆಸರ್ ಪಾಲ್ ನೇಶನ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಯಾರ ನೆರವೂ ಇಲ್ಲದೆ ಕತೆಯೊಂದನ್ನು ಚೆನ್ನಾಗಿ ತಿಳಿಯಲು ನೂರಕ್ಕೆ 98 ಪದ ಮೊದಲೇ ಗೊತ್ತಿರಬೇಕು ಎಂದು ಅವರ ಲೆಕ್ಕ. ಎಂದರೆ 50 ಪದಕ್ಕೆ ಒಂದು ಹೊಸದು. ನೂರಕ್ಕೆ 80 ಮಾತ್ರ ಗೊತ್ತಿದ್ದರೆ ಐದು ಪದಕ್ಕೊಂದು ಕಲ್ಲು. ಹಾದಿಯಲ್ಲಿ ಐದು ಹೆಜ್ಜೆಗೊಂದು ಕಲ್ಲು ಎಡವಿದರೆ ನಡೆಯುವವನು ಊರು ನೋಡುತ್ತಾನೆಯೇ, ಕಾಲು ನೋಡುತ್ತಾನೆಯೇ?

ಹುಡುಗಿ ಅಂದಿನಿಂದ ರೀತಿ ಬದಲಿಸಿದಳು. ಆಕೆಯ ಕ್ರಮವನ್ನು ಆಕೆಯ ಮಾತಿನಲ್ಲೇ ಕೊಡುತ್ತೇನೆ. ಮಕ್ಕಳಿರುವವರು ಕತ್ತರಿಸಿ ಇಟ್ಟುಕೊಳ್ಳಬಹುದು.

“ಮೊದಲನೇದು, ನಾಚಿಕಿ ಬಿಟ್ಟೆ. ಎಂ.ಎ. ಹುಡುಗಿ ಅಂತ ದೊಡ್ಡ ಕಾದಂಬರಿ ಹಿಡಿಯೋದು ಬಿಟ್ಟು, ಸಣ್ಣ ಹುಡುಗರ ಕತಿ ಪುಸ್ತಕ ಹಿಡದೆ. ದಿನಾ ಅರ್ಧ ತಾಸು. ಪೆನ್ಸಿಲ್ ಇಲ್ಲ, ಡಿಕ್ಷನರಿ ಇಲ್ಲ.

“ಎರಡನೇದು, ತಿಳೀಲಾರದ ಪದ ಬಂತಂದ್ರ ನಿಲ್ಲೋದಿಲ್ಲ. ಮುಂದ ಹೋಗ್ತೀನಿ. ಅದೇ ಪದ ಮೂರು ಸಲ ಎದುರಿಗಿ ಬಂದ್ರ ಆಗ ಡಿಕ್ಷನರಿ ನೋಡ್ತೀನಿ. ಮೂರು ಸಲ ಬಾಗಲಾ ಬಡದವರಿಗೆ ತೆಗೀಬೇಕಲ್ಲ?

“ಮೂರನೇದು, ಒಂದು ತಿಂಗಳು ಒಂದೇ ವಿಷಯ. ಒಂದು ತಿಂಗಳು ಬರೀ ಮಳಿ, ಬರ, ಬೆಳಿ. ಇನ್ನೊಂದು ತಿಂಗಳು ಬರೀ ಯಂತ್ರದ ಜಾಹೀರಾತು, ಯಂತ್ರ ನಡಸೋ ಪುಸ್ತಕ. ಅವೇ ಪದ ತಿರಗಿ ತಿರಗಿ ಬರ್ತಾವ, ಬಾಯಿಪಾಠ ಮಾಡೋದೇ ಬ್ಯಾಡ.

“ನಾಲ್ಕನೇದು, ಸುದ್ದಿ ಓದಬೇಕಂದ್ರ ಮೊದಲ ಅದೇ ಸುದ್ದಿ ಕನ್ನಡದಾಗ ಓದ್ತೀನಿ. ಕತಿ ಗೊತ್ತಿದ್ರ ಹೆಸರು ಯಾವುದು, ಮಾತು ಯಾವುದು ಅಂತ ಕಣ್ಣಿಗೆ ತಾನೇ ಗೊತ್ತಾಗ್ತದ.

“ಐದನೇದು, ವಾರಕ್ಕೆ ಒಂದೇ ಪುಟ ಹಳೆ ರೀತಿ. ಅಗದು, ಕೆದರಿ, ಒಂದೊಂದು ಅಕ್ಷರದ ಬುಡ ನೋಡಿ. ಅದನ್ನ ಬಿಟ್ರ ಮತ್ತ ಹುಯ್ ಅಂದ್ರ ಬರೇ ಬೂದು ಅಂತ ಹೇಳಿ ಬರೋದಾಗ್ತದ.”

ಮೊದಮೊದಲು ಪುಟಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತಂತೆ. ಆರು ತಿಂಗಳು ಏನೂ ಆದಂತೆ ಕಾಣಲಿಲ್ಲ. ಒಂದು ರಾತ್ರಿ ಹಾಸ್ಟೆಲಿನಲ್ಲಿ ಕತೆಯೊಂದನ್ನು ಓದುತ್ತ ಓದುತ್ತ, ನಕ್ಕುಬಿಟ್ಟಳು. ನಕ್ಕ ಮೇಲೆ ಹೊಳೆಯಿತು: ಮನಸ್ಸಿನಲ್ಲಿ ಇಂಗ್ಲಿಷ್ ಬಂದಿಲ್ಲ, ಕನ್ನಡವೂ ಬಂದಿಲ್ಲ, ಚೀನಿಯಿಂದ ಸೀದಾ ನಗು ಬಂದಿದೆ.

ಈ ಮಾತು ಕೇಳುವಾಗ ಈ ವರದಿಗಾರನಿಗೆ ತನ್ನ ಪಿ.ಯು.ಸಿ. ನೆನಪಾಯಿತು. ಇಂಗ್ಲಿಷ್ ಪುಸ್ತಕದ ಪ್ರತಿ ಪದದ ಮೇಲೂ ಅರ್ಥ ಬರೆದು ಬರೆದು, ವರ್ಷ ಮುಗಿದರೂ ಒಂದು ಪಾಠದಲ್ಲಿ ಏನಾಯಿತೆಂದು ತಿಳಿಯದೆ, ಕಾಲೇಜು ಬಿಟ್ಟವನು ನಾನು. ಸಣ್ಣ ಪುಸ್ತಕ ಹಿಡಿ, ನಾಚಬೇಡ ಎಂದು ಹೇಳುವವರು ಅಂದು ಸಿಗಲಿಲ್ಲ.

ಮುತ್ಯಾನ ಪಾಠ

ಕಟ್ಟಿಸಂಗಾವಿ ಸೇತುವೆ ಬಂತು. ಕೆಳಗೆ ಭೀಮಾ. ಹುಡುಗಿ ಇನ್ನೊಂದು ಮಾತು ಹೇಳಿದಳು. ಈ ಪಾಠ ತನಗೆ ದಿಲ್ಲಿಯಲ್ಲಿ ಅರ್ಧ ಸಿಕ್ಕಿತು, ಉಳಿದರ್ಧ ನೆಲೋಗಿಯಲ್ಲೇ ಸಿಕ್ಕಿತು ಎಂದು.

ಆಕೆಯ ಓಣಿಯಲ್ಲಿ ಎಂಬತ್ತು ದಾಟಿದ ಮುತ್ಯಾ ಒಬ್ಬರಿದ್ದಾರೆ. ಅವರ ತಂದೆ ನಿಜಾಮರ ಕಾಲದಲ್ಲಿ ಕಚೇರಿ ಮುಂದೆ ಕುಳಿತು ಅರ್ಜಿ ಬರೆಯುತ್ತಿದ್ದವರು. ನಮ್ಮ ಜಿಲ್ಲೆ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರ ನವೆಂಬರ್ 1ರಂದು ಕನ್ನಡ ರಾಜ್ಯಕ್ಕೆ ಸೇರಿತು. ನಿಜಾಮರ ಕಾಲದ ಕಚೇರಿ ಭಾಷೆ ಉರ್ದು. ಆದ್ದರಿಂದ ಅಂದಿನ ಹೊಲ ಮನೆಯ ಕಾಗದಗಳು ಎಷ್ಟೋ ಮನೆಯ ಟ್ರಂಕಿನಲ್ಲಿ ಇಂದಿಗೂ ಉರ್ದುವಿನಲ್ಲೇ ಮಲಗಿವೆ. ಅದೂ ಅಚ್ಚಿನ ಉರ್ದು ಅಲ್ಲ, ಕಾರಕೂನರ ಓಡುಬರಹ. ಶಿಕಸ್ತ ಎನ್ನುತ್ತಾರೆ. ಚುಕ್ಕೆ ಎಷ್ಟೋ ಕಡೆ ಇಲ್ಲ, ಒಂದು ಪದದ ಬಾಲ ಇನ್ನೊಂದರ ತಲೆಗೆ ಸೇರಿರುತ್ತದೆ. ಶಾಲೆಯಲ್ಲಿ ಉರ್ದು ಕಲಿತ ಹುಡುಗರಿಗೂ ಇದು ಬಾರದು. ಮುತ್ಯಾ ಮಾತ್ರ ಕಾಗದ ಬಿಡಿಸುತ್ತಲೇ, “ಇದು ನಿಮ್ಮಜ್ಜಂದು, ಸರ್ವೆ ನಂಬರ್ ಇಷ್ಟು, ಹೊಲದ ಪಡುವಲಕ ಹಳ್ಳ” ಎಂದು ಓದುತ್ತಾರೆ.

ಹುಡುಗಿ ಕೇಳಿದಳಂತೆ: “ಮುತ್ಯಾ, ಚುಕ್ಕಿ ಇಲ್ಲದ ಅಕ್ಷರ ನಿನಗ ಹ್ಯಾಂಗ ಗೊತ್ತಾಗ್ತದ?”

“ಅಕ್ಷರ ಯಾರ್ ನೋಡ್ತಾರ ಯವ್ವಾ? ಕಾಗದ ಯಾವ ಜಾತಿದು ಅಂತ ಮೊದಲ ನೋಡಬೇಕು. ಸಾಲದ ಕಾಗದಾನಾ, ಮಾರಾಟದ್ದಾ, ವಾಟ್ನಿದಾ? ಮಾರಾಟದ್ದಿತ್ತಂದ್ರ ಮೊದಲ ಕೊಡಾವನ ಹೆಸರು, ಆಮ್ಯಾಲ ತೊಗೊಳ್ಳಾವನ ಹೆಸರು, ಆಮ್ಯಾಲ ನಾಕೂ ದಿಕ್ಕು. ಯಾವ ಜಾಗದಾಗ ಯಾವ ಮಾತು ಬರಬೇಕು ಅಂತ ತಲಿಗೆ ಗೊತ್ತಿತ್ತಂದ್ರ ಕಣ್ಣು ತಾನ ಓದ್ತದ. ನಮ್ಮಪ್ಪನ ಕೂಡ ಕುಂತು ಸಾವಿರ ಕಾಗದ ನೋಡೀನಿ. ಒಂದೇ ಕಾಗದಾನ ಸಾವಿರ ಸಲ ನೋಡಿಲ್ಲ.”

ಇದೇ ಮಾತಿಗೆ ವಿಶ್ವವಿದ್ಯಾಲಯದಲ್ಲಿ ಒಂದು ಸೆಮಿಸ್ಟರ್ ಹಿಡಿಯುತ್ತದೆ! ಮಿಲ್ಲಿನಲ್ಲಿ ತಾನು ಮಾಡಿದ ತಪ್ಪು ಏನೆಂದು ಹುಡುಗಿಗೆ ಅಂದು ತಿಳಿಯಿತು. ಕೆಂಪು ದೀಪದ ಜೊತೆ ಬರುವ ಮಾತು ಯಾವ ಜಾತಿಯದು? ಯಂತ್ರದ ಯಾವುದೋ ಭಾಗ ಕೆಲಸ ನಿಲ್ಲಿಸಿದೆ ಎಂಬ ಜಾತಿಯದು. ಆಕೆ ಅಕ್ಷರ ನೋಡಿದಳೇ ಹೊರತು ಕಾಗದದ ಜಾತಿ ನೋಡಿರಲಿಲ್ಲ.

ನಿತ್ಯ ಓಡಾಡುವ ಪ್ರಯಾಣಿಕರೇ, ದೂರದಿಂದ ಬರುವ ಬಸ್ಸಿನ ಬೋರ್ಡನ್ನು ನೀವು ಅಕ್ಷರ ಕೂಡಿಸಿ ಓದುತ್ತೀರಾ? ಬರುವ ಹೊತ್ತು, ಬರುವ ದಿಕ್ಕು, ಬೋರ್ಡಿನ ಆಕಾರ, ಎಲ್ಲ ಸೇರಿ ‘ಇದು ಜೇವರ್ಗಿ’ ಎಂದು ಓಡತೊಡಗುತ್ತೀರಿ. ಅದೇ ಮುತ್ಯಾನ ವಿದ್ಯೆ.

ಪುಲಿಕೇಶಿಯನ್ನು ಬರೆದಿಟ್ಟ ಯಾತ್ರಿಕ

“ಎಲ್ಲಾ ಖರೆ ತಂಗಿ. ಚೀನಿ ಓದಿ ನಮಗೇನು ಲಾಭ?” ಎಂದು ಹಿಂದಿನ ಸೀಟಿನಿಂದ ಒಬ್ಬರು ಕೇಳಿದರು. 1962ರ ಯುದ್ಧ, 2020ರ ಗಲ್ವಾನ್ ಎರಡನ್ನೂ ಎತ್ತಿದರು. ನ್ಯಾಯವಾದ ಪ್ರಶ್ನೆಯೇ. 2020ರ ಹೊಸ ಶಿಕ್ಷಣ ನೀತಿಯಲ್ಲಿ ಶಾಲೆಯಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳೆಂದು ಉದಾಹರಿಸಿದ ಪಟ್ಟಿಯಿಂದಲೂ ಚೀನಿಯ ಹೆಸರು ಬಿಟ್ಟುಹೋಗಿತ್ತು.

ಆದರೆ ಒಂದು ಮಾತು. ಬಾದಾಮಿಯ ಇಮ್ಮಡಿ ಪುಲಿಕೇಶಿ ನಮ್ಮ ಶಾಲೆಯ ಪ್ರತಿ ಹುಡುಗನಿಗೂ ಗೊತ್ತು. ಅವನ ಬಗ್ಗೆ ನಮ್ಮ ನೆಲದಲ್ಲಿರುವ ದೊಡ್ಡ ಸಾಕ್ಷಿ 634ರ ಐಹೊಳೆ ಶಾಸನ. ಅದು ಅವನ ಆಸ್ಥಾನ ಕವಿ ರವಿಕೀರ್ತಿಯದು. ಸ್ವಂತ ಕವಿ ಹೊಗಳದೆ ಇರುತ್ತಾನೆಯೇ? ಹೊರಗಿನ ಸಾಕ್ಷಿ ಎಂದರೆ ಚೀನಾದ ಬೌದ್ಧ ಯಾತ್ರಿಕ ಹ್ಯುಯೆನ್ ತ್ಸಾಂಗ್. ಅವನ ಪ್ರವಾಸ ಗ್ರಂಥ 646ರಲ್ಲಿ ಸಿದ್ಧವಾಯಿತು. ಉತ್ತರದ ಹರ್ಷನಿಗೂ ಮಣಿಯದ ರಾಜ, ಮದ್ಯ ಕುಡಿದು ಯುದ್ಧಕ್ಕೆ ನುಗ್ಗುವ ಅವನ ವೀರರು, ಮದವೇರಿಸಿದ ಆನೆಗಳು, ಎಲ್ಲ ಅದರಲ್ಲಿವೆ. ಪುಲಿಕೇಶಿಯ ಹೆಸರನ್ನು ಚೀನಿ ಅಕ್ಷರಗಳಲ್ಲಿ ಬರೆದದ್ದನ್ನು ಇಂದಿನ ಉಚ್ಚಾರದಲ್ಲಿ ಓದಿದರೆ ‘ಬೂ-ಲ್ವೊ-ಜೀ-ಷ’ ಎಂದಾಗುತ್ತದೆ.

ನಮ್ಮ ರಾಜನ ಸುದ್ದಿಯನ್ನು ನಾವು ಬಹುಕಾಲದಿಂದ ಓದುತ್ತಿರುವುದು ಹೇಗೆ? ಸ್ಯಾಮ್ಯುಯೆಲ್ ಬೀಲ್ ಎಂಬ ಇಂಗ್ಲಿಷರವನು 1884ರಲ್ಲಿ ಮಾಡಿದ ಅನುವಾದ, ಥಾಮಸ್ ವಾಟರ್ಸ್ ಬರೆದು 1904-05ರಲ್ಲಿ ಪ್ರಕಟವಾದ ಟಿಪ್ಪಣಿ, ಇಂಥವುಗಳ ಮೂಲಕ. ಮನೆಯ ಹಿರಿಯನ ಕಾಗದವನ್ನು ಪರ ಊರಿನವನು ಓದಿ ಹೇಳಿದಂತೆ. ಅವನು ಬೂದಿ ಎಂದರೆ ಬೂದಿ, ಬೂದು ಎಂದರೆ ಬೂದು!

ಓದುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಇದೇ ಭೀಮಾ ದಂಡೆಯಲ್ಲಿ ಕೆಳಗೆ ಸನ್ನತಿ ಇದೆ. ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ 1980ರ ದಶಕದಲ್ಲಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಗೊತ್ತಾಯಿತು. ಬ್ರಾಹ್ಮಿ ಲಿಪಿ ಓದಲು ಬರುವವರು ಇಲ್ಲವಾದ ಕಾಲದಲ್ಲಿ ಯಾರೋ ಅದಕ್ಕೆ ತೂತು ಕೊರೆದು ಪೀಠ ಮಾಡಿದ್ದರು. ಚಕ್ರವರ್ತಿಯ ಮಾತು ಶತಮಾನಗಳ ಕಾಲ ದೇವಿಯ ಪಾದದಡಿ ಮೂಕವಾಗಿ ಕುಳಿತಿತ್ತು.

ಇನ್ನು ಚೀನಿ ಕಲಿತವರು ನಮ್ಮ ಕಡೆ ಇಲ್ಲವೇ ಇಲ್ಲ ಎನ್ನಬೇಡಿ. ಅಫಜಲಪುರ, ಆಳಂದದವರಿಗೆ ಸೊಲ್ಲಾಪುರವೆಂದರೆ ಸಂತೆಯ ಊರು. ಆ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸ್, 1938ರಲ್ಲಿ ಭಾರತ ಕಳಿಸಿದ ಐವರು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಚೀನಿ ಕಲಿತರು, ಅಲ್ಲಿಯ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು, ಗಾಯಾಳು ಸಿಪಾಯಿಗಳ ಸೇವೆಯಲ್ಲೇ 1942ರ ಡಿಸೆಂಬರ್ 9ರಂದು ತೀರಿಕೊಂಡರು. ವಯಸ್ಸು 32. ಅವರ ಮನೆ ಈಗ ಸ್ಮಾರಕ. ಅದಕ್ಕೂ ಮೊದಲೇ, 1937ರಲ್ಲಿ, ಟಾಗೋರರ ಶಾಂತಿನಿಕೇತನದಲ್ಲಿ ಚೀನಾ ಭವನ ತೆರೆದಿತ್ತು. ಇಂದು ದಿಲ್ಲಿ ವಿಶ್ವವಿದ್ಯಾಲಯ, ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಕಾಶಿಯ ಹಿಂದೂ ವಿಶ್ವವಿದ್ಯಾಲಯಗಳಲ್ಲೂ ಚೀನಿ ಕಲಿಸುತ್ತಾರೆ. ನೆರೆಯವನು ಗೆಳೆಯನಾಗಲಿ, ಹಗೆಯಾಗಲಿ, ಅವನು ಏನು ಬರೆದಿದ್ದಾನೆಂದು ಓದಲು ನಮ್ಮ ಮನೆಯಲ್ಲೇ ಒಬ್ಬರಿರಬೇಕು.

ಎರಡು ಖಾಲಿ ಸಾಲು

ಈಗ ಮಿಲ್ಲಿಗೆ ಬರೋಣ. ಹುಡುಗಿ ಮದುವೆಯ ಮಾತನ್ನು ಎರಡು ವರ್ಷ ಮುಂದೂಡಿಸಿಕೊಂಡು ಎಂ.ಎ.ಗೆ ಸೇರಿದಳು. ಈ ಸಲದ ರಜೆಗೆ ಬಂದವಳು ಯಾರೂ ಕರೆಯದೆ ತಾನೇ ಮಿಲ್ಲಿಗೆ ಹೋದಳು. ಯಂತ್ರದ ಜೊತೆ ಬಂದು ಮೂಲೆಯಲ್ಲಿ ಬಿದ್ದಿದ್ದ ಚೀನಿ ಪುಸ್ತಕವನ್ನು ಕೇಳಿ ಮನೆಗೆ ತಂದಳು. ಎಂಟು ದಿನ ಬರೀ ಓದಿದಳು, ಏನೂ ಬರೆಯಲಿಲ್ಲ. ನಂತರ ಒಂದು ನೋಟುಬುಕ್ಕಿನಲ್ಲಿ, ಪರದೆಯ ಮೇಲೆ ಬರುವ ಒಂದೊಂದು ಮಾತನ್ನೂ ಅದರ ಅಕ್ಷರದ ಚಿತ್ರದೊಡನೆ ಕನ್ನಡದಲ್ಲಿ ಬರೆದು, ಏನು ಮಾಡಬೇಕೆಂದೂ ಬರೆದು, ಯಂತ್ರದ ಪಕ್ಕ ದಾರ ಕಟ್ಟಿ ತೂಗುಹಾಕಿದಳು.

ಮರುದಿನ ಈ ವರದಿಗಾರ ಆ ನೋಟುಬುಕ್ಕನ್ನು ಹೋಗಿ ನೋಡಿದ್ದಾನೆ. ಮೊದಲ ಸಾಲು ಹೀಗಿದೆ: ‘ಚಿಂಗ್ ಹುಯ್: ಬೂದಿ ಅಲ್ಲ, ಬೂದು ಅಲ್ಲ. ಗಾಜಿನ ಧೂಳು ಒರೆಸುವ ಬ್ರಷ್ ನೋಡಿರಿ.’ ಕೆಳಗೆ ಸಾಲು ಸಾಲಾಗಿ ಗಾಳಿಯ ಒತ್ತಡ, ದೀಪ, ಕವಾಟ. ನಡುವೆ ಎರಡು ಸಾಲಿನ ಮುಂದೆ ಮಾತ್ರ ಅರ್ಥವಿಲ್ಲ. ‘ನನಗಿನ್ನೂ ತಿಳಿದಿಲ್ಲ. ಕೇಳಿ ಬರೆಯುತ್ತೇನೆ. ಅಲ್ಲಿಯತನಕ ಮುಟ್ಟಬೇಡಿರಿ’ ಎಂದಿದೆ.

ಎರಡು ವರ್ಷದ ಹಿಂದೆ ನಾಲ್ಕೂ ಅಕ್ಷರ ಗೊತ್ತೆಂದು ತಕ್ಷಣ ಅರ್ಥ ಹೇಳಿದ್ದವಳು, ಇಂದು ಎರಡು ಸಾಲು ಖಾಲಿ ಬಿಟ್ಟಿದ್ದಾಳೆ. ಓದು ಬಂದದ್ದಕ್ಕೆ ನನ್ನ ಪ್ರಕಾರ ಆ ಎರಡು ಖಾಲಿ ಸಾಲೇ ಸರ್ಟಿಫಿಕೇಟು.

ಸಾವಕಾರರನ್ನು ಕೇಳಿದೆ. “ಮೆಕ್ಯಾನಿಕ್ ಖರ್ಚು ಕಮ್ಮಿ ಆಗ್ಯಾದ ನೋಡ್ರಿ” ಎಂದರು. ಹೊಗಳಿಕೆ ಅಷ್ಟೇ. ಮುನ್ಷಿಯವರು ತಲೆ ಎತ್ತದೆ ಲೆಕ್ಕ ಬರೆಯುತ್ತಿದ್ದರು, ಆದರೆ ಮುಖದಲ್ಲಿ ನಗೆಯಿತ್ತು.

ನಮ್ಮ ಊರೂರಿನ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. ಅಲ್ಲಿಗೆ ಹೋಗುವ ಮಕ್ಕಳ ಕೈಗೆ ಗೈಡು ಪುಸ್ತಕ ಕೊಡುವ ಮೊದಲು, ನಿಲ್ಲದೆ ಓದಬಲ್ಲ ಸಣ್ಣ ಕತೆ ಪುಸ್ತಕ ಹತ್ತಾದರೂ ಕೊಡಿ, ಕನ್ನಡದ್ದಿರಲಿ, ಇಂಗ್ಲಿಷಿನದಿರಲಿ. ಮತ್ತೊಂದು: ಟ್ರಂಕಿನ ತಳದಲ್ಲಿ ಉರ್ದು ಕಾಗದ ಇದ್ದವರು ಮುತ್ಯಾನಂಥವರು ಇರುವಾಗಲೇ ಓದಿಸಿಕೊಳ್ಳಿ. ಕಾಗದ ಉಳಿಯುತ್ತದೆ, ಓದುವ ಕಣ್ಣು ಉಳಿಯುವುದಿಲ್ಲ.

ಮರೆತೆ. ಬಸ್ಸಿನ ಕತೆ ಮುಗಿದಿಲ್ಲ. ಜೇವರ್ಗಿ ದಾಟಿ ನೆಲೋಗಿ ಕ್ರಾಸ್ ಬಂತು. ಹುಡುಗಿ ಹಾಳೆ ಮಡಚಿ ಎದ್ದಳು. ಅಂಗಡಿಕಾರರು ಕಾಲಡಿಯ ಡಬ್ಬ ತೋರಿಸಿ, “ತಂಗಿ, ಇದರ ಮ್ಯಾಲೂ ನಿನ್ನ ಚೀನಿ ಅದ ನೋಡು. ಏನ್ ಬರದಾರ?” ಎಂದರು.

ಹುಡುಗಿ ಬಗ್ಗಿ ನೋಡಿದಳು. ನಾಲ್ಕೇ ಅಕ್ಷರ. ಈ ಸಲ ಮೊದಲು ಡಬ್ಬ ನೋಡಿದಳು, ಆಮೇಲೆ ಅಕ್ಷರ ನೋಡಿದಳು.

“ಜ್ವಾಪಾನ, ಹಗೂರಕ ಇಡ್ರಿ ಅಂತ ಬರದದ ಕಾಕಾ.”

ಕಾಕಾ ಥಟ್ಟನೆ ಎರಡೂ ಕಾಲು ಮೇಲೆತ್ತಿದರು. ಡಬ್ಬದಲ್ಲಿ ಇದ್ದದ್ದು ಗಾಜಿನ ಲೋಟ.